ಯಜಮಾನರ ತೂಕ

ಗುಂಜಿ ಸಾಹೇಬರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ನಿರೀಕ್ಷಕರಾಗಿ ಅಂಗಡಿ ಬೀದಿ ಸುತ್ತಿ, ಒಂದು ಗುಂಜಿಯಷ್ಟು ವ್ಯತ್ಯಾಸ ಬಂದರೂ ಅಂಗಡಿಯವರ ಬೆವರಿಳಿಸುತ್ತಿದ್ದುದರಿಂದ ಆ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಉಳಿದೆಲ್ಲ ಕಡೆ ಅವರು ಗುಂಜಿ ಸಾಹೇಬರೇ. ಕೈಯಲ್ಲಿ ಏನೇ ಇಟ್ಟರೂ ಅದರ ತೂಕ ಹೇಳುವುದು ಅವರ ಹೆಮ್ಮೆ. ನಂಟರ ಮನೆಯಲ್ಲಿ ಮಗು ಹುಟ್ಟಿದರೆ ಎಲ್ಲರೂ ಮೂಗು ಯಾರದು, ಕಣ್ಣು ಯಾರದು ಎಂದು ಚರ್ಚಿಸುವಾಗ ಇವರು ಮಗುವನ್ನು ಒಂದು ಸಲ ಮೇಲೆ ಕೆಳಗೆ ಆಡಿಸಿ, "ಮೂರು ಕಿಲೋ ನೂರಿಪ್ಪತ್ತು" ಎಂದು ಹೇಳಿ ವಾಪಸ್ ಕೊಡುತ್ತಿದ್ದರು. ಮಾತು ಸರಿಯಾಗಿಯೇ ಇರುತ್ತಿತ್ತು, ಆದರೂ ಅವರನ್ನು ಎರಡನೆಯ ಮಗುವಿಗೆ ಕರೆದವರು ಕಡಿಮೆ.

ಇಂಥ ಗುಂಜಿ ಸಾಹೇಬರು ಒಂದು ಮಂಗಳವಾರ ಸಾಕುಪ್ರಾಣಿಗಳ ಅಂಗಡಿಗೆ ತಪಾಸಣೆಗೆ ಹೋದರು. ಹಕ್ಕಿಗಳ ಕಾಳು ತೂಗುವ ತಕ್ಕಡಿಯನ್ನು ಪರೀಕ್ಷಿಸಿ, ಸರಿಯಾಗಿದೆ ಎಂದು ಸೀಸದ ಮುದ್ರೆ ಹಾಕಿ, ಇನ್ನೇನು ಹೊರಡಬೇಕು ಅನ್ನುವಾಗ ಮೂಲೆಯ ಪಂಜರದಿಂದ ಯಾರೋ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿತು. ತಿರುಗಿದರೆ, ಕಂದು ಬಿಳಿ ಮಚ್ಚೆಯ, ಬಾಲವೇ ಇಲ್ಲದ, ದುಂಡನೆಯ ಒಂದು ಗಿನಿಪಿಗ್ ಹುಲ್ಲಿನ ಎಸಳನ್ನು ಅಗಿಯುವುದನ್ನು ಅರ್ಧಕ್ಕೇ ನಿಲ್ಲಿಸಿ ಕೂತಿತ್ತು. ಅಂಗಡಿಯವನು ಅದನ್ನು ಎರಡು ಕೈಯಲ್ಲಿ ಎತ್ತಿ ಸಾಹೇಬರ ಅಂಗೈಗೆ ಇಟ್ಟ.

"ಹೇಳಿ ಸಾರ್, ಎಷ್ಟಿರಬಹುದು?" ಎಂದ ಅಂಗಡಿಯವನು. ಸಾಹೇಬರ ಖ್ಯಾತಿ ಅವನಿಗೂ ಮುಟ್ಟಿತ್ತು.

ಸಾಹೇಬರು ಅಂಗೈಯನ್ನು ಮೇಲೆ ಕೆಳಗೆ ಆಡಿಸಲು ಹೋಗಿ ನಡುವೆಯೇ ನಿಲ್ಲಿಸಿದರು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅವರು ಕೈಗೆತ್ತಿಕೊಂಡದ್ದೆಲ್ಲ ಹಿತ್ತಾಳೆ, ಕಬ್ಬಿಣ, ಇಲ್ಲವೇ ಬೇಳೆಯ ಚೀಲ. ಅವುಗಳಲ್ಲಿ ಒಂದೂ ಒಳಗಿನಿಂದ ಮಿಡಿದಿರಲಿಲ್ಲ. ಇದು ಮಿಡಿಯುತ್ತಿತ್ತು, ಲೆಕ್ಕ ಹಿಡಿಯಲಾಗದಷ್ಟು ವೇಗವಾಗಿ. ಅವರ ಹೆಬ್ಬೆರಳಿನ ಕೆಳಗೆ ಒಂದು ಇಡೀ ಜೀವ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಯಾವ ಮುದ್ರೆಯನ್ನೂ ಪರವಾನಗಿಯನ್ನೂ ಕೇಳದೆ.

"ಎಂಟುನೂರ ಹತ್ತು" ಎಂದರು ಕೊನೆಗೆ.

ತಕ್ಕಡಿ ಎಂಟುನೂರ ಹನ್ನೆರಡು ತೋರಿಸಿತು. ಅಂಗಡಿಯವನು ಕೈ ಮುಗಿದ. ಸಾಹೇಬರು ಅಲ್ಲಿಯೇ ಅದನ್ನು ಕೊಂಡುಕೊಂಡರು. ಕೊಳ್ಳುವಾಗ ಇಲಾಖೆಯ ಶಿಸ್ತನ್ನು ಬಿಡಲಿಲ್ಲ. ರಶೀದಿಯಲ್ಲಿ ಎಲ್ಲವನ್ನೂ ಬರೆಸಿದರು: ಗಿನಿಪಿಗ್ ಒಂದು, ಗಂಡು, ಪೂರ್ಣ ಬೆಳೆದದ್ದು, 812 ಗ್ರಾಂ.

"ಇನ್ನು ಬೆಳೆಯಲ್ಲ ತಾನೆ?"

"ಒಂದು ಗ್ರಾಂ ಕೂಡ ಬೆಳೆಯಲ್ಲ ಸಾರ್. ಬೇಕಾದ್ರೆ ಬರ್ಕೊಡ್ತೀನಿ."

"ಬರ್ಕೊಡಿ" ಎಂದರು ಸಾಹೇಬರು. ಅವನು ಅದನ್ನೂ ಬರೆದು, ಕೆಳಗೆ ಸಹಿ ಹಾಕಿ, ಅಂಗಡಿಯ ಠಸ್ಸೆ ಒತ್ತಿ ಕೊಟ್ಟ. ಠಸ್ಸೆ ಬಿದ್ದ ಕಾಗದವನ್ನು ಸಾಹೇಬರು ಜೀವನದಲ್ಲಿ ಒಮ್ಮೆಯೂ ಅನುಮಾನಿಸಿದವರಲ್ಲ. ಮುಂದಿನ ಒಂದು ತಿಂಗಳ ಕಷ್ಟಕ್ಕೆಲ್ಲ ಆ ಒಳ್ಳೆಯ ಗುಣವೇ ಕಾರಣ.

ಸಾಹೇಬರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು, ಕಾಲು ಯಂತ್ರದ ಮೇಲೆ. ಗಂಡ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗೆ ಅವುಚಿಕೊಂಡು ಒಳಗೆ ಬಂದದ್ದನ್ನು ನೋಡಿ ಅವರು ಮೊದಲು ಪಿನ್ನುಗಳನ್ನು ಬಾಯಿಂದ ತೆಗೆದರು. ಮಾತು ಉದ್ದ ಆಗುತ್ತದೆ ಎಂಬುದರ ಸೂಚನೆ ಅದು.

"ಏನ್ರೀ ಅದು?"

"ಗಿನಿಪಿಗ್ಗು."

"ಇನ್ನೊಂದಾ?"

ಇನ್ನೊಂದು ಎಂದರೆ ಇನ್ನೊಂದು ಗಿನಿಪಿಗ್ ಎಂದಲ್ಲ. ಸಾಹೇಬರು ಈ ಹಿಂದೆ ಎರಡು ಬಂಗಾರದ ಮೀನು, ಒಂದು ಮುದಿ ಗಿಳಿ, ಯಾರು ಬೇಕಾದರೂ ಬೆಳೆಸಬಹುದು ಎಂದು ಖಾತ್ರಿ ಕೊಟ್ಟಿದ್ದ ಒಂದು ಬಳ್ಳಿ, ಇಷ್ಟನ್ನು ಮನೆಗೆ ತಂದಿದ್ದರು. ಯಾವುದೂ ಹಬ್ಬಲಿಲ್ಲ, ಈಜಲಿಲ್ಲ, ಬಾಳಲಿಲ್ಲ.

"ತರೋರು ನೀವು. ಹೋದಾಗ ಅಳೋಳು ನಾನು" ಎಂದರು ಹೆಂಡತಿ. "ಆ ಗಿಳಿ ಹೋದ್ಮೇಲೆ ಎರಡು ವಾರ ನನ್ನ ಹೊಲಿಗೆ ಎಲ್ಲ ಸೊಟ್ಟ ಬಂತು. ಇನ್ನು ನನ್ನ ಕೈಲಾಗಲ್ಲ. ವಾಪಸ್ ಕೊಟ್ಬಿಡಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ತಾನೇ ಒಂದಿಷ್ಟು ಎದ್ದು, ಒಂದು ಮೂಗು ಹೊರಗೆ ಬಂದು, ಕೋಣೆಯ ವಾಸನೆಯನ್ನೆಲ್ಲ ಒಂದೊಂದಾಗಿ ಪರಿಶೀಲಿಸಿ ಒಳಗೆ ಹೋಯಿತು. ಸಾಹೇಬರ ಎದೆ ತುಂಬಿ ಬಂತು. ತುಂಬಿದ ಎದೆಯಲ್ಲಿ ಮನುಷ್ಯ ಮಾತಾಡಬಾರದು, ಅವರು ಮಾತಾಡಿದರು.

"ಒಂದು ತಿಂಗಳು ಟೈಮ್ ಕೊಡು. ತಿಂಗಳು ಮುಗಿದ ದಿನ ಇದೇ ತೂಕದಲ್ಲಿ ನಿನ್ನ ಕೈಗೆ ಕೊಡ್ತೀನಿ. ಎಂಟುನೂರ ಹನ್ನೆರಡು. ಇಪ್ಪತ್ತು ಗ್ರಾಂ ಇಳಿದ್ರೂ ಸೈ, ಏರಿದ್ರೂ ಸೈ, ನಾನೇ ವಾಪಸ್ ಕೊಟ್ಟು ಬರ್ತೀನಿ."

ಹೆಂಡತಿ ಗಿರಾಕಿಗಳ ಅಳತೆ ಪುಸ್ತಕ ತೆಗೆದು, ಯಾರದೋ ತೋಳಿನ ಅಳತೆಯ ಕೆಳಗೆ, ಗಿನಿಪಿಗ್, 812, ಒಂದು ತಿಂಗಳು ಎಂದು ಬರೆದುಕೊಂಡರು. ಆಮೇಲೆ ಪೆಟ್ಟಿಗೆಯ ಕಡೆ ನೋಡದೆ ಪಿನ್ನುಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡರು.

ಮರುದಿನದಿಂದ ಸಾಹೇಬರು ಬೇರೆ ಮನುಷ್ಯರೇ ಆದರು. ಸಾಕುವ ಕ್ರಮದ ಬಗ್ಗೆ ಒಂದು ಪುಸ್ತಕ ತಂದು, ಇಲಾಖೆಯ ಕಾಯಿದೆಯನ್ನು ಓದುವಂತೆ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದು ಓದಿದರು. ಚಿಕ್ಕ ಪಂಜರ ಸಾಲದು ಎಂದು ಬರೆದಿತ್ತು, ಊಟದ ಮೇಜಿನಷ್ಟು ಅಗಲದ ಪಂಜರ ಮಾಡಿಸಿದರು. ಮುಖ್ಯ ಆಹಾರ ಒಣಹುಲ್ಲು, ಅದು ಹಗಲೂ ರಾತ್ರಿ ಎದುರಿಗೇ ಇರಬೇಕು, ಇಲ್ಲದಿದ್ದರೆ ಹಲ್ಲು ಬೆಳೆದು ಬಾಯಿ ಮುಚ್ಚಲಾಗದು ಎಂದಿತ್ತು. ಇದನ್ನು ಓದಿ ಅವರು ಹುಲ್ಲಿನ ಚೀಲವನ್ನು ತಮ್ಮ ಹಾಸಿಗೆಯ ಪಕ್ಕಕ್ಕೇ ತಂದಿಟ್ಟುಕೊಂಡರು. ವಿಟಮಿನ್ ಸಿ ಅನ್ನು ಇದರ ಮೈ ತಾನಾಗಿ ತಯಾರಿಸಿಕೊಳ್ಳಲಾರದು, ಆದ್ದರಿಂದ ದಿನಾ ಒಂದು ತುಂಡು ದೊಣ್ಣೆಮೆಣಸಿನಕಾಯಿ ಕೊಡಬೇಕು ಎಂಬ ಸಾಲಿನ ಮುಂದೆ ಅವರು ಬಹಳ ಹೊತ್ತು ಕೂತರು.

"ನಮ್ಮ ಮೈಗೂ ಬರಲ್ವಂತೆ ಕಣೇ" ಎಂದು ಒಳಗೆ ಹೋಗಿ ಹೆಂಡತಿಗೆ ಹೇಳಿದರು. "ನಮಗೂ ಅದಕ್ಕೂ ಒಂದೇ ಕೊರತೆ."

"ನಿಮ್ಮ ಕೊರತೆಗಳ ಪಟ್ಟಿ ಅದಕ್ಕಿಂತ ಉದ್ದ ಇದೆ" ಎಂದರು ಹೆಂಡತಿ. ಆದರೆ ಸಂಜೆ ಮೆಣಸಿನಕಾಯಿಯನ್ನು ಬೀಜ ತೆಗೆದು ಹದವಾಗಿ ಹೆಚ್ಚಿಟ್ಟವರು ಅವರೇ.

ಪ್ರಾಣಿಗೆ ಯಜಮಾನ ಎಂದು ಹೆಸರಾಯಿತು. ಇಟ್ಟವರು ಹೆಂಡತಿ. ಗಂಡಸು, ಯಾವಾಗಲೂ ತಿನ್ನುತ್ತಿರುತ್ತಾನೆ, ತಡವಾದರೆ ಕೂಗುತ್ತಾನೆ, ಇದಕ್ಕಿಂತ ಒಪ್ಪುವ ಹೆಸರಿಲ್ಲ ಎಂಬುದು ಅವರ ವಾದ. ಸಾಹೇಬರಿಗೆ ವ್ಯಂಗ್ಯ ಗೊತ್ತಾಗಲಿಲ್ಲ. ಅವರು ಅಷ್ಟು ಹೊತ್ತಿಗೆ ಬೆರಳು ಎಣಿಸುತ್ತಿದ್ದರು. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರೇ. ವೃತ್ತಿಯ ಅಭ್ಯಾಸದಿಂದ ಅಂಗಡಿಯವನು ಬೆರಳಿನಲ್ಲಿ ಕಡಿತ ಮಾಡಿದ್ದಾನೆ ಎಂದು ಅವರಿಗೆ ಮೊದಲು ಸಿಟ್ಟು ಬಂತು. ಪುಸ್ತಕ ನೋಡಿದರೆ ಸೃಷ್ಟಿಯಲ್ಲಿಯೇ ಅಷ್ಟು. ಸಾಹೇಬರು ಪುಸ್ತಕ ಮುಚ್ಚಿ ಇನ್ನೊಮ್ಮೆ ಬೆರಳು ಎಣಿಸಿದರು. ಜಗತ್ತಿನಲ್ಲಿ ಇಷ್ಟೊಂದು ಲೆಕ್ಕ ಯಾರ ತಪಾಸಣೆಯೂ ಇಲ್ಲದೆ ನಡೆಯುತ್ತಿದೆ ಎಂಬುದು ಅವರಿಗೆ ಈ ತನಕ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಹೊಸ ಹುಲ್ಲು ಹಾಕಿದಾಗ ಯಜಮಾನ ನಿಂತಲ್ಲಿಂದಲೇ ನಾಲ್ಕೂ ಕಾಲು ನೆಲ ಬಿಟ್ಟು ಗಾಳಿಯಲ್ಲಿ ನೆಗೆದು, ಅಲ್ಲಿಯೇ ಮೈ ತಿರುಚಿ ಕೆಳಗೆ ಬಿದ್ದಿತು. ಸಾಹೇಬರು ಗಾಬರಿಯಿಂದ ಪುಸ್ತಕ ತಿರುವಿದರೆ, ಅದು ಸಂತೋಷ ಎಂದು ಬರೆದಿತ್ತು. ಅಂದು ಅವರು ಕಚೇರಿಗೆ ತಡವಾಗಿ ಹೋದರು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಪುಸ್ತಕದ ಒಂಬತ್ತನೆಯ ಪುಟದಲ್ಲಿ, ಬೆಳೆದ ಪ್ರಾಣಿಯ ತೂಕವನ್ನು ವಾರಕ್ಕೊಮ್ಮೆ ನೋಡಬೇಕು, ತೂಕ ಸ್ಥಿರವಾಗಿದ್ದರೆ ಆರೋಗ್ಯ, ಏರುಪೇರಾದರೆ ಕೂಡಲೇ ಪಶುವೈದ್ಯರನ್ನು ಕಾಣಬೇಕು ಎಂದಿತ್ತು. ತೂಕದ ಮಾತು ಬಂದ ಮೇಲೆ ಕೇಳಬೇಕೆ. ಎಂಟನೆಯ ದಿನ ಬೆಳಿಗ್ಗೆ ಸಾಹೇಬರು ಒಂದು ತಗ್ಗು ಬುಟ್ಟಿಯಲ್ಲಿ ಹುಲ್ಲು ಹಾಸಿ, ಯಜಮಾನನನ್ನು ಕೂರಿಸಿಕೊಂಡು ಎದುರು ಬೀದಿಯ ಕಿರಾಣಿ ಅಂಗಡಿಗೆ ಹೋದರು. ಕಿರಾಣಿಯವನು ಗೋಧಿಹಿಟ್ಟಿನ ಚೀಲ ಸರಿಸಿ ಜಾಗ ಮಾಡಿಕೊಟ್ಟ. ಬುಟ್ಟಿ ಹುಲ್ಲಿನ ತೂಕ ಕಳೆದು ಬಂದ ಅಂಕಿ ಎಂಟುನೂರ ಅರವತ್ತೊಂದು.

ಸಾಹೇಬರು ಅಂಕಿಯನ್ನು ನೋಡಿದರು. ಯಜಮಾನನನ್ನು ನೋಡಿದರು. ಯಜಮಾನ ಹುಲ್ಲು ತಿನ್ನುತ್ತ ಅವರನ್ನು ನೋಡಿತು, ಆ ಕಣ್ಣಿನಲ್ಲಿ ಕಪಟದ ಲವಲೇಶವೂ ಇರಲಿಲ್ಲ. ಆಮೇಲೆ ಅವರು ನಿಧಾನವಾಗಿ ಕಿರಾಣಿಯವನ ಕಡೆ ತಿರುಗಿದರು.

"ನಲವತ್ತೊಂಬತ್ತು ಗ್ರಾಂ ಜಾಸ್ತಿ ತೋರಿಸ್ತಿದೆ ನಿನ್ನ ತಕ್ಕಡಿ."

"ಸಾರ್, ಹೋದ ತಿಂಗಳು ನೀವೇ ಮುದ್ರೆ ಹಾಕಿದ್ದು."

"ಹೋದ ತಿಂಗಳು ಸರಿ ಇತ್ತು."

"ಅದು ತಿಂದಿದ್ದರಿಂದ ತೂಕ ಬಂದಿರಬಹುದಲ್ವಾ ಸಾರ್? ನಮಗೂ ಊಟ ಆದ್ಮೇಲೆ..."

"ತಿಂಡಿಗೆ ಮುಂಚೆ ತೂಗಿದ್ದೀನಿ. ಹಿಕ್ಕೆಯ ತೂಕಾನೂ ಬೇರೆ ನೋಡಿದ್ದೀನಿ, ನೂರು ಹಿಕ್ಕೆಗೆ ಒಂಬತ್ತು ಗ್ರಾಂ. ನನಗೆ ಕಲಿಸ್ಬೇಡ" ಎಂದು ಸಾಹೇಬರು ಚೀಲದಿಂದ ಸೀಸ, ತಂತಿ, ಇಕ್ಕಳ ತೆಗೆದು ತಕ್ಕಡಿಗೆ ಬೀಗಮುದ್ರೆ ಜಡಿದರು. ಇನ್ನೊಂದು ತಕ್ಕಡಿಯಲ್ಲಿ ಖಚಿತ ಮಾಡಿಕೊಳ್ಳೋಣ ಎಂದು ಪಕ್ಕದ ಹಣ್ಣಿನಂಗಡಿಗೆ ಹೋದರೆ ಅಲ್ಲಿಯೂ ಅರವತ್ತೊಂದು. ಇಬ್ಬರೂ ಕೂಡಿ ಆಡುತ್ತಿರುವ ಆಟ ಎಂದು ಅದಕ್ಕೂ ಮುದ್ರೆ ಬಿತ್ತು. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಒಟ್ಟು ಹನ್ನೊಂದು ತಕ್ಕಡಿ. ಒಂದೇ ಬೀದಿಯ ಹನ್ನೊಂದು ಜನ ಸರಿಯಾಗಿ ನಲವತ್ತೊಂಬತ್ತೇ ಗ್ರಾಮಿನ ಮೋಸ ಮಾಡಲು ಎಷ್ಟು ದೊಡ್ಡ ಒಗ್ಗಟ್ಟು ಬೇಕು ಎಂದು ಯೋಚಿಸಿ ಅವರಿಗೆ ಒಳಗೊಳಗೇ ಬೆರಗಾಯಿತು.

ಬೀದಿಯ ವ್ಯಾಪಾರ ಅಂದಿನಿಂದ ಕಣ್ಣಳತೆಯಲ್ಲಿ ನಡೆಯತೊಡಗಿತು. ಕಿರಾಣಿಯವನು ಸಕ್ಕರೆಯನ್ನು ಬೊಗಸೆಯಲ್ಲಿ ಕೊಟ್ಟ. ಯಾರ ಬೊಗಸೆ ಎಂಬುದರ ಮೇಲೆ ಜಗಳವಾಯಿತು. ಗಿರಾಕಿಗಳು ಮನೆಯಲ್ಲಿ ಕೈ ದೊಡ್ಡದಿರುವವರನ್ನು ಅಂಗಡಿಗೆ ಕಳಿಸತೊಡಗಿದರು. ಹಣ್ಣಿನಂಗಡಿಯಾಕೆ ಮಾತ್ರ ಸುಮ್ಮನೆ ಕೂರುವ ಪೈಕಿಯಲ್ಲ. ಐದು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು, ಮರುವಾರ ನೆಟ್ಟಗೆ ಸಾಹೇಬರ ಮನೆಗೇ ಬಂದಳು. ಸಾಹೇಬರು ಕಚೇರಿಯ ಸ್ವಂತ ತಕ್ಕಡಿಯನ್ನು ಮನೆಗೆ ತಂದು ಆಗ ತಾನೇ ತೂಗಿ, ಒಂಬೈನೂರ ಮೂವತ್ತನಾಲ್ಕು ಎಂಬ ಅಂಕಿಯ ಎದುರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

ಆಕೆ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ನಿಮಿಷ ನೋಡಿದಳು.

"ಸಾಹೇಬ್ರೇ, ಇದು ಬಸುರಿ."

"ಗಂಡು" ಎಂದರು ಸಾಹೇಬರು.

"ಹೊಟ್ಟೆ ಎರಡೂ ಕಡೆ ಜೋತು ಬಿದ್ದಿದೆ. ಕೂರೋ ರೀತಿ ನೋಡಿ. ನಾನು ಐದು ಸಲ ಹಂಗೇ ಕೂತಿದ್ದೀನಿ."

ಸಾಹೇಬರು ಎದ್ದು ಹೋಗಿ ಬೀರುವಿನಿಂದ ರಶೀದಿ ತಂದು ಆಕೆಯ ಮುಂದೆ ಹಿಡಿದರು. "ಓದಮ್ಮ. ಗಂಡು. ಸಹಿ ಇದೆ, ಠಸ್ಸೆ ಇದೆ."

ಆಕೆ ರಶೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಅದಕ್ಕೂ ಒಂದು ಸಲ ಓದಿ ಹೇಳಿ, ಗೊತ್ತಿರಲಿಕ್ಕಿಲ್ಲ" ಎಂದು ಹೇಳಿ ಹೊರಟುಹೋದಳು.

ಹೆಂಡತಿ ಇದನ್ನೆಲ್ಲ ಯಂತ್ರದ ಹಿಂದಿನಿಂದ ಕೇಳಿಸಿಕೊಂಡಿದ್ದರು. ಆಕೆ ಹೋದ ಮೇಲೆ ಕೊರಳಿನ ಟೇಪು ತೆಗೆದು, ಯಜಮಾನನನ್ನು ಗಂಡನೆದುರು ಮೊದಲ ಸಲ ಮಡಿಲಿಗೆ ತೆಗೆದುಕೊಂಡು, ಗಿರಾಕಿಗೆ ಮಾಡುವಂತೆಯೇ ಸುತ್ತಳತೆ ಹಿಡಿದರು.

"ಹೋದ ವಾರಕ್ಕಿಂತ ಎರಡು ಇಂಚು ಜಾಸ್ತಿ ಆಗಿದೆ ರೀ."

"ಹೋದ ವಾರ ಯಾವಾಗ ಅಳೆದೆ ನೀನು?"

ಹೆಂಡತಿ ಟೇಪು ಸುತ್ತಿದರು. "ಡಾಕ್ಟರ ಹತ್ರ ತೋರಿಸೋಣ."

"ಟೇಪು ಹಳೇದಾದ್ರೆ ಕುಗ್ಗುತ್ತೆ" ಎಂದರು ಸಾಹೇಬರು. ಒಂಬತ್ತನೆಯ ಪುಟ ಅವರಿಗೆ ಬಾಯಿಪಾಠ ಬರುತ್ತಿತ್ತು. ಡಾಕ್ಟರ ಹತ್ತಿರ ಹೋಗುವುದೆಂದರೆ ತೂಕ ಏರಿದೆ ಎಂದು ಒಪ್ಪಿಕೊಂಡಂತೆ, ಒಪ್ಪಿಕೊಂಡರೆ ಮಾತು ಸೋತಂತೆ, ಸೋತರೆ ಯಜಮಾನ ಮತ್ತೆ ಆ ಅಂಗಡಿಯ ಮೂಲೆಗೆ. ಮೆಣಸಿನಕಾಯಿ ಹೆಚ್ಚುವ ಸದ್ದಿಗೇ ಅಡುಗೆಮನೆಯ ಕಡೆ ಮುಖ ಮಾಡಿ ವೀಕ್ ವೀಕ್ ಎಂದು ಕೂಗುವ ಆ ಜೀವವನ್ನು ತಾವೇ ಕೈಯಾರೆ ಹೊತ್ತು ಕೊಟ್ಟು ಬರುವ ಚಿತ್ರ ಅವರ ಕಣ್ಣ ಮುಂದೆ ಬರುತ್ತಿತ್ತು. ಹೀಗೆ ಹೆದರಿದ ಮನುಷ್ಯನ ಬುದ್ಧಿ ಚುರುಕಾಗುತ್ತದೆ, ತಪ್ಪು ದಿಕ್ಕಿಗೆ.

ಮುಂದಿನ ವಾರ ಒಂದು ಸಾವಿರದ ಹದಿನೆಂಟು ಬಂತು. ಆ ದಿನ ಸಾಹೇಬರು ಇಲಾಖೆಯ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ತೆರೆದರು. ಊರಿನ ಎಲ್ಲ ತಕ್ಕಡಿಗಳನ್ನೂ ಸರಿಹೊಂದಿಸುವುದು ಈ ಬಟ್ಟುಗಳ ಆಧಾರದ ಮೇಲೆಯೇ. ಕಚೇರಿಯ ತಕ್ಕಡಿಯ ಮೇಲೆ ಒಂದು ಕಿಲೋ ಬಟ್ಟು ಇಟ್ಟರು, ಸರಿಯಾಗಿ ಒಂದು ಕಿಲೋ. ಮುದ್ರೆ ಜಡಿದ ಹನ್ನೊಂದು ತಕ್ಕಡಿಗಳ ಮೇಲೂ ಇಟ್ಟು ಬಂದರು, ಎಲ್ಲ ಕಡೆಯೂ ಸರಿ. ಅಂದರೆ ತಕ್ಕಡಿಗಳು ನಿರಪರಾಧಿಗಳು. ಯಜಮಾನ ಮೊದಲೇ ನಿರಪರಾಧಿ. ಉಳಿದದ್ದು ಯಾರು?

ಸಾಹೇಬರು ಒಂದು ಕಿಲೋ ಬಟ್ಟನ್ನು ಬೆಳಕಿಗೆ ಹಿಡಿದರು. ಬಟ್ಟುಗಳೇ ಸವೆದಿದ್ದರೆ? ಸವೆದ ಬಟ್ಟಿಗೆ ಹೊಂದಿಸಿದ ತಕ್ಕಡಿ ಎಲ್ಲವನ್ನೂ ಹೆಚ್ಚು ತೋರಿಸುತ್ತದೆ, ಇದು ಇಲಾಖೆಗೆ ಹೊಸದಾಗಿ ಸೇರಿದವರಿಗೂ ಗೊತ್ತಿರುವ ಸಂಗತಿ. ಮತ್ತೆ ಆ ಬಟ್ಟುಗಳನ್ನು ಇಪ್ಪತ್ತಾರು ವರ್ಷದಿಂದ ಪ್ರತಿ ಶನಿವಾರ ಮೆತ್ತನೆಯ ಬಟ್ಟೆಯಿಂದ ಹೊಳೆಯುವ ಹಾಗೆ ಉಜ್ಜಿಟ್ಟವರು ಯಾರು? ತೂಕ ವಾರವಾರಕ್ಕೂ ಏರುವುದು ಏಕೆ ಎಂಬುದೊಂದನ್ನು ಬಿಟ್ಟರೆ ತರ್ಕದಲ್ಲಿ ಎಲ್ಲಿಯೂ ಎಳೆಯಷ್ಟು ಬಿರುಕಿರಲಿಲ್ಲ. ಸತ್ಯ ಬೇರೆ ಕಡೆ ಇತ್ತು, ಅಷ್ಟೆ.

ಅವರು ಮೇಲಧಿಕಾರಿಗಳಿಗೆ ಪತ್ರ ಬರೆದರು. "ನನ್ನ ವಶದಲ್ಲಿದ್ದ ಪ್ರಮಾಣ ಬಟ್ಟುಗಳನ್ನು ಅತಿಯಾದ ಶುಚಿತ್ವದಿಂದ ನಾನು ಸವೆಸಿರುತ್ತೇನೆ. ಇದರಿಂದ ಊರಿನ ತೂಕವೆಲ್ಲ ತಪ್ಪಿರುತ್ತದೆ. ಸಾಕ್ಷಿಯಾಗಿ 812 ಗ್ರಾಂ ತೂಕದ ಒಂದು ಗಿನಿಪಿಗ್ ನನ್ನ ಬಳಿ ಇರುತ್ತದೆ. ಮುಂದಿನ ಕ್ರಮಕ್ಕೆ ಬದ್ಧನಾಗಿರುತ್ತೇನೆ." ಕೆಳಗೆ ಸಹಿ ಹಾಕಿದರು. ಕೆಲಸ ಹೋಗಬಹುದು. ಆದರೂ ಪ್ರಾಣಿಯ ಮೇಲೆ ಒಂದು ಮಾತು ಬರೆಯುವುದು ಅವರಿಂದ ಆಗಲಿಲ್ಲ.

ಮೇಲಧಿಕಾರಿಗಳು ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ತಾವೇ ಬಂದರು. ಇಲಾಖೆಯಲ್ಲಿ ಅವರು ನಕ್ಕದ್ದನ್ನು ಕಂಡವರಿರಲಿಲ್ಲ. ಕಂಡೆವು ಎಂದ ಇಬ್ಬರು ಆಮೇಲೆ ಮಾತು ಬದಲಿಸಿದ್ದರು. ಅವರ ಕೈಯಲ್ಲಿ ಮಖಮಲ್ಲಿನ ಒಳಪದರದ ಒಂದು ಪೆಟ್ಟಿಗೆ, ಅದರಲ್ಲಿ ಇಡೀ ಪ್ರಾಂತ್ಯಕ್ಕೆ ಒಂದೇ ಒಂದಾದ ಮೂಲ ಕಿಲೋ ಬಟ್ಟು. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಅದಕ್ಕೆ ಬಿಳಿ ಕೈಗವಸು. ವಿಚಾರಣೆ ಕಚೇರಿಯಲ್ಲಿ ನಡೆಯಬೇಕಿತ್ತು, ಆದರೆ ಪ್ರಯಾಣದಿಂದ ಗಿನಿಪಿಗ್ಗಿಗೆ ಗಾಬರಿಯಾಗುತ್ತದೆ ಎಂದು ಸಾಹೇಬರು ಪುಸ್ತಕದ ಪುಟಸಂಖ್ಯೆ ಸಮೇತ ವಿನಂತಿಸಿದ್ದರಿಂದ ಮನೆಯಲ್ಲೇ ಏರ್ಪಾಡಾಯಿತು. ನೊಂದವರ ಪರವಾಗಿ ಕಿರಾಣಿಯವನೂ ಹಣ್ಣಿನಂಗಡಿಯಾಕೆಯೂ ಬಂದರು. ಹೊಲಿಗೆಯ ಯಂತ್ರವನ್ನು ಗೋಡೆಗೆ ಸರಿಸಿ, ನೆಲದ ಮೇಲೆ ತಕ್ಕಡಿ ಇಟ್ಟು, ಎಲ್ಲರೂ ಸುತ್ತ ನಿಂತರು.

ಮೇಲಧಿಕಾರಿಗಳು ಕೈಗವಸು ಹಾಕಿಕೊಂಡು ಮೂಲ ಬಟ್ಟನ್ನು ತಕ್ಕಡಿಯ ಮೇಲಿಟ್ಟರು. ಒಂದು ಕಿಲೋ. ಅದನ್ನು ತೆಗೆದು ಸಾಹೇಬರ ಬಟ್ಟನ್ನು ಇಟ್ಟರು. ಒಂದು ಕಿಲೋ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನಿಮ್ಮ ಬಟ್ಟು ಸವೆದಿಲ್ಲ" ಎಂದರು ಮೇಲಧಿಕಾರಿಗಳು. "ತಕ್ಕಡಿಗಳೂ ಸರಿ ಇವೆ. ಹನ್ನೊಂದು ಅಂಗಡಿ ಮೂರು ವಾರ ಮುಚ್ಚಿದ ಹಾಗಾಯ್ತು. ಏನ್ ಹೇಳ್ತೀರಿ?"

ಸಾಹೇಬರಿಗೆ ಇನ್ನು ದೂರಲು ಜಗತ್ತಿನಲ್ಲಿ ಏನೂ ಉಳಿದಿರಲಿಲ್ಲ. ಅವರು ಪಂಜರದ ಬಳಿ ಹೋಗಿ, ತಗ್ಗು ಬುಟ್ಟಿಯಲ್ಲಿ ಹುಲ್ಲಿನ ನಡುವೆ ಸುಮ್ಮನೆ ಕೂತಿದ್ದ ಯಜಮಾನನನ್ನು ಬುಟ್ಟಿಸಮೇತ ಅಲುಗದ ಹಾಗೆ ಎತ್ತಿ ತಂದು ತಕ್ಕಡಿಯ ಮೇಲಿಟ್ಟರು. ಬುಟ್ಟಿ ಹುಲ್ಲು ಕಳೆದು ಒಂದು ಸಾವಿರದ ನೂರಿಪ್ಪತ್ತಾರು. ಹೆಂಡತಿ ಅಳತೆ ಪುಸ್ತಕ ಹಿಡಿದು ನಿಂತಿದ್ದರು, ತೆರೆಯಲಿಲ್ಲ.

"ನಾನು ಸೋತೆ ಕಣೇ" ಎಂದರು ಸಾಹೇಬರು. ನಾಲ್ಕು ಜನ ಇದ್ದಾರೆ ಎಂಬುದೂ ಅವರಿಗೆ ನೆನಪಿರಲಿಲ್ಲ. "ತೂಕ ಏರಿದೆ. ಮೊದಲ ವಾರವೇ ಏರಿತ್ತು. ಕಾಯಿಲೆ ಇರಬೇಕು, ನಾನು ಮುಚ್ಚಿಟ್ಟೆ. ನಾಳೆ ವಾಪಸ್ ಕೊಟ್ಟು..."

ಮಾತು ಅಲ್ಲಿಗೆ ನಿಂತಿತು. ಯಜಮಾನ ಬೆನ್ನು ಬಾಗಿಸಿ, ತಲೆಯನ್ನು ಹೊಟ್ಟೆಯಡಿಗೆ ತಂದು, ಒಂದು ಸಲ ಬಿಕ್ಕಿದಂತೆ ಮಾಡಿತು.

"ಯಾರೂ ಮುಟ್ಟಬೇಡಿ" ಎಂದಳು ಹಣ್ಣಿನಂಗಡಿಯಾಕೆ, ಬಹಳ ಮೆಲ್ಲಗೆ. "ಎಲ್ಲ ಕೂತ್ಕೊಳ್ಳಿ. ನಿಂತ್ರೆ ನೆರಳು ಬೀಳುತ್ತೆ, ಹೆದರ್ಕೊಳ್ಳುತ್ತೆ."

ಎಲ್ಲರೂ ಕೂತರು. ಮೇಲಧಿಕಾರಿಗಳೂ ಇಸ್ತ್ರಿಯ ಪ್ಯಾಂಟಿನಲ್ಲಿ, ಕೈಗವಸಿನಲ್ಲಿ, ನೂಲಿನ ಚೂರು ಬಿದ್ದಿದ್ದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಹುಲ್ಲಿನಲ್ಲಿ ಒದ್ದೆಯಾದ ಏನೋ ಒಂದು ಜಾರಿತು. ಯಜಮಾನ, ಇನ್ನು ಹಾಗೆನ್ನುವುದು ಸರಿಯೋ ತಪ್ಪೋ, ಅದರ ಮುಖವನ್ನು ಸರಸರನೆ ನೆಕ್ಕಿ ಶುಚಿ ಮಾಡಿತು. ಇಲಿಯ ಮರಿಯಂತೆ ಕೆಂಪಗೆ, ಕಣ್ಣು ಮುಚ್ಚಿದ ಮಾಂಸದ ಮುದ್ದೆಯಿರುತ್ತದೆ ಎಂದುಕೊಂಡಿದ್ದ ಸಾಹೇಬರು ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದರು. ಬಂದ ಜೀವಕ್ಕೆ ಮೈತುಂಬ ಕೂದಲಿತ್ತು. ಕಿವಿಗಳಿದ್ದವು. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು ಬೆರಳಿದ್ದವು, ಉಗುರು ಸಮೇತ. ಅದು ತಲೆ ಎತ್ತಿ, ಎರಡು ಕಣ್ಣೂ ತೆರೆದು, ಸುತ್ತ ಕೂತಿದ್ದ ಐದು ಜನರನ್ನು ನೋಡಿತು.

ಸಾಹೇಬರ ಕಣ್ಣು ಅಭ್ಯಾಸದಂತೆ ತಕ್ಕಡಿಯ ಅಂಕಿಯ ಮೇಲೆ ಹೋಯಿತು. ಅಂಕಿ ಬದಲಾಗಿರಲಿಲ್ಲ. ಒಂದಿದ್ದದ್ದು ಎರಡಾಗಿತ್ತು, ಒಂದು ಗ್ರಾಂ ಕೂಡ ಆಚೀಚೆ ಆಗಿರಲಿಲ್ಲ. ಆಮೇಲೆ ಇನ್ನೊಂದು ಬಂತು, ಆಮೇಲೆ ಮತ್ತೊಂದು. ಅಂಕಿ ಹಾಗೆಯೇ ನಿಂತಿತ್ತು. ಈ ಭೂಮಿಯ ಮೇಲೆ ಮೂರು ಜೀವ ಹೊಸದಾಗಿ ಬಂದಿವೆ, ತಮ್ಮ ತಕ್ಕಡಿಗೆ ಸುದ್ದಿಯೇ ಇಲ್ಲ. ಸಾಹೇಬರು ಮೇಲಧಿಕಾರಿಗಳ ಕಡೆ ನೋಡಿದರು. ಮೇಲಧಿಕಾರಿಗಳೂ ಅಂಕಿಯನ್ನೇ ನೋಡುತ್ತಿದ್ದರು.

"ಮೂವತ್ತೆರಡು ವರ್ಷ ಸರ್ವೀಸ್ ಆಯ್ತು ನಂದು" ಎಂದರು ಅವರು, ಯಾರಿಗೂ ಅಲ್ಲದೆ. "ಇದನ್ನ ಯಾರೂ ಹೇಳ್ಕೊಡ್ಲಿಲ್ಲ."

"ನನ್ನ ತಕ್ಕಡಿಗೇ ಮೊದಲು ಗೊತ್ತಾಗಿದ್ದು ಸಾರ್" ಎಂದು ಕಿರಾಣಿಯವನು ಪಿಸುಗುಟ್ಟಿದ. ಮೂರು ವಾರದ ನಷ್ಟ ಅವನ ಮುಖದಲ್ಲಿ ಎಲ್ಲಿಯೂ ಕಾಣಲಿಲ್ಲ. "ನಲವತ್ತೊಂಬತ್ತು ಗ್ರಾಂ ಇದ್ದಾಗಲೇ."

ಬಹಳ ಹೊತ್ತು ಯಾರೂ ಏಳಲಿಲ್ಲ. ತಾಯಿ ಮೂರನ್ನೂ ನೆಕ್ಕಿ ಒಣಗಿಸಿತು. ಮೊದಲು ಹುಟ್ಟಿದ್ದು ನಡುಗುವ ಕಾಲಿನ ಮೇಲೆ ನಿಂತು, ಬಿದ್ದು, ಮತ್ತೆ ನಿಂತು, ಒಂದು ಹುಲ್ಲಿನ ಎಸಳನ್ನು ಮೂಸಿ ನೋಡಿ, ಬಾಯಿಗೆ ಹಾಕಿಕೊಂಡು ಅಗಿಯುವ ಪ್ರಯತ್ನ ಮಾಡಿತು. ಹುಟ್ಟಿ ಒಂದು ಗಂಟೆಯಾಗಿರಲಿಲ್ಲ. ಹಣ್ಣಿನಂಗಡಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಐದನೇದಕ್ಕೆ ಇಪ್ಪತ್ತೆಂಟು ವರ್ಷ, ಇನ್ನೂ ಅನ್ನ ಕಲಸಿ ಕೊಡ್ಬೇಕು" ಎಂದಳು. ಮರಿ ಬುಟ್ಟಿಯ ತಗ್ಗು ಅಂಚನ್ನು ದಾಟಿ, ನೆಲದ ಮೇಲೆ ತಪತಪ ಹೆಜ್ಜೆ ಹಾಕುತ್ತ ಬಂದು, ಸಾಹೇಬರ ಹೆಂಡತಿಯ ಮಡಿಚಿದ ಕಾಲಿನ ಸಂದಿಯಲ್ಲಿ ನುಗ್ಗಿ ಕೂತಿತು. ತಕ್ಕಡಿಯ ಅಂಕಿ ಆಗ ಇಳಿಯಿತು. ಆದರೆ ಅದನ್ನು ನೋಡಿದವರು ಯಾರೂ ಇರಲಿಲ್ಲ.

ಸಾಹೇಬರು ಹೆಂಡತಿಯ ಮುಖ ನೋಡಿದರು. ಕೊಟ್ಟ ಮಾತು ಮಾತೇ. ಇಪ್ಪತ್ತು ಗ್ರಾಂ ಎಂದಿದ್ದರು, ಮುನ್ನೂರರ ಮೇಲೆ ಏರಿತ್ತು. ಒಂದು ಗುಂಜಿಗೂ ರಿಯಾಯಿತಿ ತೋರದ ಮನುಷ್ಯ ತನಗಾಗಿ ರಿಯಾಯಿತಿ ಕೇಳುವುದು ಹೇಗೆಂದು ತಿಳಿಯದೆ, ಕೊನೆಗೆ, "ವಾಪಸ್..." ಎಂದು ಶುರು ಮಾಡಿದರು.

"ಬಾಣಂತೀನ ಯಾರಾದ್ರೂ ಮನೆಯಿಂದ ಕಳಿಸ್ತಾರೇನ್ರೀ?" ಎಂದರು ಹೆಂಡತಿ. ಅಂಗೈಯನ್ನು ಮರಿಯ ಮೇಲೆ ಮರೆಯಾಗಿ ಹಿಡಿದಿದ್ದರು, ಮುಟ್ಟದ ಹಾಗೆ. ಅವರು ಅಳುತ್ತಿದ್ದರು, ಅದನ್ನು ಮುಚ್ಚಿಡಲು ಹೋಗಲಿಲ್ಲ. "ಬೆಳಿಗ್ಗೆ ಮೊದಲು ಡಾಕ್ಟರನ್ನ ಮನೆಗೇ ಕರೀರಿ. ಮೆಣಸಿನಕಾಯಿ ಇನ್ನು ಒಂದು ತುಂಡು ಸಾಲಲ್ಲ." ಆಮೇಲೆ ತಲೆ ಎತ್ತದೆಯೇ, "ಸ್ವಲ್ಪ ಆ ಬಾಗಿಲು ಹಾಕ್ತೀರಾ ಸಾರ್, ಗಾಳಿ ಬೀಸ್ತಿದೆ" ಎಂದರು.

ಮೇಲಧಿಕಾರಿಗಳು ಎದ್ದು, ಕೈಗವಸಿನ ಕೈಯಿಂದ ಚಿಲಕ ಹಿಡಿದು, ಸದ್ದಾಗದ ಹಾಗೆ ಬಾಗಿಲು ಹಾಕಿ ಬಂದು ತಮ್ಮ ಜಾಗದಲ್ಲಿ ಕೂತರು.